ಮೇಜಿನ ಮೇಲಿಟ್ಟ ಬೀಗದ ಕೈಗಳು

ಜೂನ್ 4

ಅಣ್ಣನಿಗೆ,

ನೋಟೀಸು ಬಂದೇಬಿಟ್ಟಿತು. ನಿನ್ನೆ ಬೆಳಗ್ಗೆ ಅಮ್ಮ ಮೂರನೇ ಮಹಡಿ ಹತ್ತಿ ಹೋದಾಗ ಅವಳ ಟೈಪಿಂಗ್ ಕೊಠಡಿಯ ಬಾಗಿಲಿಗೆ ಅಂಟಿಸಿದ್ದರಂತೆ. ನಮ್ಮ ಬಾಗಿಲಿಗೆ ಮಾತ್ರವಲ್ಲ, ಕಟ್ಟಡದ ಪ್ರತಿ ಬಾಗಿಲಿಗೂ. ಕಟ್ಟಡ ಕೊಂಡ ಕಂಪನಿಯವರು ಒಳಗಿನದ್ದನ್ನೆಲ್ಲ ಕೆಡವಿ, ನಡುವಿನ ಅಂಗಳದಿಂದ ಹಿಂದಿನ ಓಣಿಯವರೆಗೆ ಮೂವತ್ತು ಮಹಡಿಯ ಟವರು ಎಬ್ಬಿಸುತ್ತಾರಂತೆ. "ನಗರದ ಹೃದಯಕ್ಕೆ ಹೊಸ ಜೀವ" ಎಂದು ದಪ್ಪಕ್ಷರದಲ್ಲಿದೆ. ಈಗ ಅಲ್ಲಿರುವ ಜೀವಗಳು ಏನಾಗಬೇಕು ಎಂಬುದು ಸಣ್ಣಕ್ಷರದಲ್ಲಿದೆ: ಕೆಲಸ ಶುರುವಾಗುವ ದಿನ ಯಾರ ಕೊಠಡಿ ಯಾರ ಸ್ವಾಧೀನದಲ್ಲಿದೆಯೋ ಅವರಿಗೆ ಸದ್ಯಕ್ಕೆ ತಗಡಿನ ಶೆಡ್ಡು, ಆಮೇಲೆ ಟವರಿನಲ್ಲಿ ಹಳೇ ಬಾಡಿಗೆಗೇ ಒಂದು ಕೊಠಡಿ.

ಅಮ್ಮ ಅದನ್ನು ಹರಿಯದ ಹಾಗೆ ಬಿಡಿಸಿ, ಮಡಚಿ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಕೂತಳಂತೆ. ಜನ ಹೀಗಿರುವುದಕ್ಕೇ ಕಂಪನಿಗಳಿಗೆ ಇಷ್ಟು ಧೈರ್ಯ.

ನೀನು ಆ ಕಟ್ಟಡವನ್ನು ಮರೆತಿರಲಾರೆ. ನಡುವೆ ಸವೆದು ಬಟ್ಟಲಿನಂತಾದ ಕಲ್ಲಿನ ಮೆಟ್ಟಿಲು, ಕಿರುಗುಟ್ಟುವ ಮಡಚು ಬಾಗಿಲಿನ ಲಿಫ್ಟು, ಅಂಗಳದ ಮೇಲಿನ ಗಾಜಿನ ಚಾವಣಿ. ನೂರು ವರ್ಷ ದಾಟಿದ ಕಟ್ಟಡ. ಅದು ಬಂಡವಾಳಗಾರರ ಸ್ವತ್ತಲ್ಲ, ಜನರ ನೆನಪು. ಹಾಗೆಂದು ನಿನ್ನೆ ಸಂಜೆಯ ಸಭೆಯಲ್ಲಿ ಹೇಳಿದೆ. ಪಕ್ಕದ ಕೊಠಡಿಯ ನೋಟರಿ ಮಾಮ, "ಮಾತು ಚೆನ್ನಾಗಿದೆ ಕಣಮ್ಮ, ಆದರೆ ನೆನಪಿಗೆ ಬಾಡಿಗೆ ಚೀಟಿ ಇದೆಯಾ?" ಎಂದರು. ಎಲ್ಲರೂ ನಕ್ಕರು. ಆದರೂ ಬಾಡಿಗೆದಾರರ ಸಮಿತಿ ಆಯಿತು, ನಾನೇ ಕಾರ್ಯದರ್ಶಿ. ಬೇರೆ ಯಾರೂ ಕೈ ಎತ್ತಲಿಲ್ಲ.

ಹೋರಾಟ ಹೇಗೆ ನಡೆಸಬೇಕೆಂದು ಪುಸ್ತಿಕೆಗಳನ್ನು ಓದುತ್ತಿದ್ದೇನೆ. ನಗಬೇಡ. ಬೇಗ ಬರೆ.

ನಿನ್ನ ತಂಗಿ


ಜೂನ್ 22

ನಮ್ಮ ಮನೆಯ ಗುಡುಗಿಗೆ,

ಕಾಗದ ತಡವಾಗಿ ಬಂತು. ಸೈಟಿನ ಅಂಚೆ ಎಂದರೆ ಫೋರ್‌ಮನ್ ಪೇಟೆಗೆ ಹೋದಾಗ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಭಾನುವಾರ ಮಾತ್ರ ಬರೆಯಲಾಗುತ್ತದೆ. ಉಳಿದ ದಿನ ಕ್ರೇನಿನ ಗೂಡಿನಿಂದ ಇಳಿಯುವ ಹೊತ್ತಿಗೆ ಕೈಗಳು ಸನ್ನೆಕೋಲು ಹಿಡಿದ ಆಕಾರದಲ್ಲೇ ಇರುತ್ತವೆ. ತುತ್ತು ಎತ್ತುವುದೂ ಬೇಸರ.

ನಗಲಿಲ್ಲ. ಒಂದು ಹೇಳುತ್ತೇನೆ. ನಾವು ಈ ಊರಿನಲ್ಲಿ ಎಬ್ಬಿಸುತ್ತಿರುವುದೂ ಅಂಥದ್ದೇ. ಇಲ್ಲೂ ಹಳೇ ಕಟ್ಟಡ, ಇಲ್ಲೂ ಸಮಿತಿ. ಕೊನೆಗೆ ಮುಂದಿನ ಗೋಡೆ ಉಳಿಸಲು ಒಪ್ಪಿದರು. ಈಗ ಅದನ್ನು ಕಬ್ಬಿಣದ ಆಸರೆ ಕೊಟ್ಟು ನಿಲ್ಲಿಸಿದ್ದೇವೆ. ರಸ್ತೆಯಿಂದ ನೋಡಿದರೆ ಕಟ್ಟಡ ಹಾಗೇ ಇದೆ. ಮೇಲಿನಿಂದ ನನಗೆ ಕಾಣುವುದು ಕಿಟಕಿಗಳ ಹಿಂದಿನ ಗುಂಡಿ. ಇಷ್ಟು ವರ್ಷದಲ್ಲಿ ಯಾವ ಟವರಿನ ಕೆಲಸವೂ ಅರ್ಧಕ್ಕೆ ನಿಂತದ್ದನ್ನು ನಾನು ನೋಡಿಲ್ಲ.

ಹೋರಾಡು, ಬೇಡವೆನ್ನುವುದಿಲ್ಲ. ಬೇಡವೆಂದರೆ ಕೇಳುವವಳೂ ಅಲ್ಲ. ಆದರೆ ಏನೇ ಮಾಡಿದರೂ ಅಮ್ಮನ ಕೊಠಡಿ ಅಮ್ಮನ ಕೈಯಲ್ಲೇ ಇರಲಿ. ಆ ಸಣ್ಣಕ್ಷರವನ್ನು ಇನ್ನೊಂದು ಸಲ ಓದು. ಅಪ್ಪ ಹೋದಮೇಲೆ ಆ ಕೊಠಡಿಯೇ ನಮ್ಮನ್ನು ಸಾಕಿದ್ದು.

ಬೆನ್ನು ನೋವು ಹೇಗಿದೆ ಎಂದು ಅಮ್ಮನನ್ನು ಕೇಳು. ನನಗೆ ಬರೆಯುವಾಗ "ಎಲ್ಲ ಸರಿ" ಎಂದಷ್ಟೇ ಟೈಪು ಮಾಡುತ್ತಾಳೆ.

ಅಣ್ಣ


ಜುಲೈ 1

ಅಣ್ಣನಿಗೆ,

ನಿನ್ನ ಕಾಗದ ಓದಿ ಮೈ ಉರಿಯಿತು. ಮೇಲೆ ಕೂತವರಿಗೆ ಎಲ್ಲವೂ ಆಗಲೇ ಮುಗಿದ ಹಾಗೆ ಕಾಣುತ್ತದೆ. ನೀನು ಸನ್ನೆಕೋಲು ಎಳೆದರೆ ತಾನೇ ಟವರು ಏಳುವುದು? ಒಂದು ದಿನ ಎಳೆಯದೆ ಕೂತು ನೋಡು. "ನಮ್ಮ ಕೊಠಡಿ ನಮಗಿದ್ದರೆ ಸಾಕು" ಎಂದು ಎಲ್ಲರೂ ಅಂದುಕೊಂಡಿದ್ದರಿಂದಲೇ ಜಗತ್ತು ಹೀಗಾಗಿದೆ. ಕೋಪ ಮಾಡಿಕೋ, ಪರವಾಗಿಲ್ಲ.

ಈಗ ಕೇಳು. ಪಾದಚಾರಿ ಮಾರ್ಗದ ಪುಸ್ತಕದವನ ಹತ್ತಿರ ಒಂದು ಪುಸ್ತಿಕೆ ಸಿಕ್ಕಿತು, ಹೊದಿಕೆ ಹರಿದಿದೆ, ಬರೆದವರು ಯಾರೋ ಗೊತ್ತಿಲ್ಲ. ಅದರಲ್ಲಿ ಗಿರಣಿ ಕೆಲಸಗಾರರ ಒಂದು ಮುಷ್ಕರದ ಕಥೆ ಇದೆ. ಒಂದು ಬೆಳಗ್ಗೆ ಅವರೆಲ್ಲ ಸಾಲಾಗಿ ಬಂದು, ಗಿರಣಿಯ ಬೀಗದ ಕೈಗಳನ್ನು ಮಾಲೀಕನ ಮೇಜಿನ ಮೇಲಿಟ್ಟು, ಮಾತಿಲ್ಲದೆ ಹೊರಟುಹೋದರಂತೆ. ಮಾಲೀಕ ಆ ರಾಶಿ ನೋಡಿ ನಡುಗಿದನಂತೆ. ನಾವೂ ಅದನ್ನೇ ಮಾಡುತ್ತೇವೆ. ಬರುವ ಸೋಮವಾರ ನಾಲ್ಕು ಮಹಡಿಯವರೂ ಇಳಿದು ಬಂದು ಕೆಳಗೆ ಕಚೇರಿ ತೆರೆದಿರುವ ಕಂಪನಿಯ ಮ್ಯಾನೇಜರನ ಮೇಜಿನ ಮೇಲೆ ಬೀಗದ ಕೈ ಇಡುತ್ತೇವೆ. "ಇಷ್ಟೂ ಬದುಕು ನಿನ್ನ ಮುಂದಿದೆ, ಧೈರ್ಯವಿದ್ದರೆ ತೆಗೆದುಕೋ" ಎಂದು ಅದರ ಅರ್ಥ. ಆ ಮನುಷ್ಯ ಸದಾ ಹಲ್ಲು ಕಾಣಿಸುತ್ತಿರುತ್ತಾನೆ. ನಾವು ಅವನಿಗೆ "ಮುಗುಳ್ನಗೆ" ಎಂದೇ ಹೆಸರಿಟ್ಟಿದ್ದೇವೆ. ಸೋಮವಾರ ಆ ನಗೆ ಇಳಿಯುತ್ತದೆ.

ಸಭೆಯಲ್ಲಿ ಹೇಳಿದೆ. ಎದುರು ಕೊಠಡಿಯ ಹಲ್ಲಿನ ಡಾಕ್ಟರು ಕೆಮ್ಮಿದರು. ವಕೀಲರ ಗೌನು ಹೊಲಿಯುವ ಟೈಲರು ನೋಟರಿ ಮಾಮನ ಮುಖ ನೋಡಿದರು. ಮಾಮ ಕನ್ನಡಕ ಒರೆಸುತ್ತಾ, "ಆಗಲಿ, ಹುಡುಗಿ ಇಷ್ಟು ಹೇಳ್ತಿದಾಳೆ, ಇಡೋಣ" ಎಂದರು. ಎಲ್ಲರೂ ಒಪ್ಪಿದರು! ಜನ ಸಿದ್ಧರೇ ಇರುತ್ತಾರೆ ಅಣ್ಣ, ಕೇಳುವವರು ಬೇಕು ಅಷ್ಟೆ.

ತಂಗಿ


ಜುಲೈ 8

ಅಣ್ಣಾ,

ನಿನ್ನ ಉತ್ತರಕ್ಕೆ ಕಾಯಲಾರೆ. ನಿನ್ನೆ ಆಯಿತು!

ನಾನು ಮ್ಯಾನೇಜರನ ಕಚೇರಿಯ ಬಾಗಿಲಲ್ಲಿ ಲಿಫ್ಟಿನವರ ಸ್ಟೂಲಿನ ಮೇಲೆ ನಿಂತು ಹೇಳಿದೆ: "ಇದು ನಾಟಕ ಅಲ್ಲ. ನಿಮ್ಮ ನಿಮ್ಮ ಬಾಗಿಲಿನ ನಿಜವಾದ ಕೀ ಇಡಿ. ಅವರಿಗೆ ಭಾರ ಗೊತ್ತಾಗಲಿ." ಹೇಳಿ ಮುಗಿಸಿದಾಗ ಯಾರೂ ಅಲುಗಾಡಲಿಲ್ಲ. ಆಗ ಯಾರು ಮುಂದೆ ಬಂದರು ಹೇಳು? ಅಮ್ಮ. ಪುಸ್ತಿಕೆ ಎಂದರೆ ಕಸ ಎನ್ನುವ ನಮ್ಮ ಅಮ್ಮ. ಸೆರಗಿನ ಗಂಟು ಬಿಚ್ಚಿ, ಬೀಗದ ಕೈ ತೆಗೆದು, ಮೇಜಿನ ಮೇಲೆ ಸದ್ದಾಗದ ಹಾಗೆ ಇಟ್ಟಳು. ನೋಟರಿ ಮಾಮ "ಅಕ್ಕಾ" ಎಂದು ಏನೋ ಹೇಳಹೊರಟರು. ಅಮ್ಮ ಅವರತ್ತ ನೋಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದು ಇಟ್ಟರು. ರಾಶಿಯೇ ಆಯಿತು.

ಮುಗುಳ್ನಗೆ ನಡುಗಲಿಲ್ಲ ಎಂಬುದು ನಿಜ. ಎದ್ದು ನಿಂತು, "ತುಂಬಾ ಸಂತೋಷ, ಎಲ್ಲರಿಗೂ ಚಹಾ ತರಿಸಲಾ?" ಎಂದ. ಅದು ಅವನ ನಟನೆ. ಒಳಗೊಳಗೇ ಹೆದರಿದ್ದಾನೆ.

ಸಂಜೆ ಅಮ್ಮನನ್ನು ತಬ್ಬಿಕೊಂಡೆ. "ಸಾಕು ಬಿಡು, ಬೆನ್ನು ನೋಯುತ್ತೆ" ಎಂದಳು. ಆದರೂ ನನಗೆ ಗೊತ್ತು, ಅಮ್ಮ ಬದಲಾಗಿದ್ದಾಳೆ.

ನಿನ್ನ ತಂಗಿ (ಮತ್ತು ಈಗ ನಿನ್ನ ಅಮ್ಮನೂ ಹೋರಾಟಗಾರ್ತಿ!)


ಜುಲೈ 21

ಅಣ್ಣನಿಗೆ,

ನಿನ್ನಿಂದ ಒಂದು ಸಾಲೂ ಇಲ್ಲ. ಇರಲಿ.

ಮೋಸವಾಯಿತು. ಕಂಪನಿಯಿಂದ ಅಲ್ಲ, ನಮ್ಮವರಿಂದ.

ಮ್ಯಾನೇಜರನ ಆಳುಗಳು ಕಳೆದ ವಾರ ಆ ಬೀಗದ ಕೈಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಬಾಗಿಲಿಂದ ಬಾಗಿಲಿಗೆ ಹೋದರು. ಹಲ್ಲಿನ ಡಾಕ್ಟರರದು ತಿರುಗಲಿಲ್ಲ. ಟೈಲರದು ಒಳಗೇ ಹೋಗಲಿಲ್ಲ. ನೋಟರಿ ಮಾಮ ಇಟ್ಟದ್ದು ಯಾವುದೋ ಪೆಟ್ಟಿಗೆಯದು. ಇಡೀ ಕಟ್ಟಡ ಸುತ್ತಿದರು, ಒಂದೇ ಒಂದು ಬಾಗಿಲು ತೆರೆಯಿತು. ನಮ್ಮದು. ಅಮ್ಮನ ಎರಡು ಮೇಜು, ಎರಡು ಟೈಪ್‌ರೈಟರು, ಕಾರ್ಬನ್ ಹಾಳೆಯ ಡಬ್ಬಿ ಎಲ್ಲವನ್ನೂ ಪಡಸಾಲೆಯಲ್ಲಿ ನೀಟಾಗಿ ಜೋಡಿಸಿಟ್ಟು, ಬಾಗಿಲಿಗೆ ಹೊಸ ಬೀಗ ಜಡಿದರು.

ಹೇಡಿಗಳು. ಹೋರಾಟಕ್ಕೆ ಬಂದು ಹಳೇ ಪೆಟ್ಟಿಗೆಯ ಕೀ ಇಡುವವರು! ನೋಟರಿ ಮಾಮನ ಕೊಠಡಿಗೆ ನುಗ್ಗಿ ಕೂಗಾಡಿದೆ. ಅವರು ತಲೆ ತಗ್ಗಿಸಿಕೊಂಡು, "ಕೂತ್ಕೋಮ್ಮ, ನೀರು ಕುಡಿ" ಎಂದರು. ನಾನು ಕೂರಲಿಲ್ಲ. ಅದೇ ದಿನ ಕರಪತ್ರ ಬರೆದು ಮಾರನೇ ದಿನ ಹಂಚಿದೆ. ಅದರ ಸಾಲು ಇಲ್ಲಿದೆ: "ಈ ಕಟ್ಟಡದಲ್ಲಿ ಪ್ರಾಮಾಣಿಕರು ಒಬ್ಬರೇ. ಮೂರನೇ ಮಹಡಿಯ ಟೈಪಿಂಗಿನ ತಾಯಿ ತಮ್ಮ ಕೊಠಡಿಯ ನಿಜವಾದ ಬೀಗದ ಕೈಯನ್ನು ಸ್ವಂತ ಮನಸ್ಸಿನಿಂದ ಮೇಜಿನ ಮೇಲಿಟ್ಟರು. ಉಳಿದವರು ಸುಳ್ಳುಗಾರರು."

ಅಮ್ಮನಿಗೆ ತೋರಿಸಿದೆ. ಓದಿದಳು. "ಅಕ್ಷರ ತಪ್ಪಿಲ್ಲ" ಎಂದಳು.

ತಂಗಿ


ಆಗಸ್ಟ್ 10

ತಂಗಿಗೆ,

ನಿನ್ನ ಮೂರೂ ಕಾಗದ ಒಟ್ಟಿಗೇ ಸಿಕ್ಕಿದವು, ಫೋರ್‌ಮನ್‌ನ ಡ್ರಾಯರಿನಲ್ಲಿ ಬಿದ್ದಿದ್ದವು. ಮೊದಲನೆಯದು ಓದುತ್ತಾ ಎದ್ದು ನಿಂತೆ, ಈಗಲೇ ಹೊರಟರೆ ತಡೆಯಬಹುದೇನೋ ಎಂಬಂತೆ. ಮೂರನೆಯದು ಓದಿ ಕೂತೆ.

ಬಾಡಿಗೆದಾರ ತಾನಾಗಿ ಬೀಗದ ಕೈ ಕೊಟ್ಟರೆ ಕೊಠಡಿ ಬಿಟ್ಟುಕೊಟ್ಟ ಹಾಗೆ. ಗಿರಣಿಯವರಿಗೆ ಗಿರಣಿ ಬಾಡಿಗೆಗಿರಲಿಲ್ಲ ಪುಟ್ಟಿ. ಅವರು ಇಟ್ಟದ್ದು ಮಾಲೀಕನದೇ ಬೀಗದ ಕೈ.

ಬೈಯಲು ಬರೆಯುತ್ತಿಲ್ಲ. ಬೈಯುವಷ್ಟು ಶಕ್ತಿಯೂ ಇಲ್ಲ, ಇಲ್ಲಿ ವಾರವಿಡೀ ಗಾಳಿ. ಒಂದೇ ಒಂದು ಕೇಳುತ್ತೇನೆ: ನೋಟರಿ ಮಾಮನ ಮೇಲೆ ಇನ್ನು ಕೂಗಾಡಬೇಡ. ಏಕೆ ಎಂದು ಕೇಳಬೇಡ. ಅಮ್ಮ ನನಗೆ ಬೇರೆಯಾಗಿ ಬರೆದ ಕಾಗದವೂ ಅದೇ ಡ್ರಾಯರಿನಲ್ಲಿತ್ತು. ಅವಳು ಚೆನ್ನಾಗಿದ್ದಾಳೆ, ಬೇಸರವಿಲ್ಲವಂತೆ.

ಅಣ್ಣ


ಸೆಪ್ಟೆಂಬರ್ 2

ಅಣ್ಣ,

ಗಿರಣಿಯ ಮಾತು ನಿಜ. ಪುಸ್ತಿಕೆಯನ್ನು ಮತ್ತೆ ತೆಗೆದು ಓದಿದೆ. ಅವರು ಬಾಡಿಗೆದಾರರಲ್ಲ ಎಂಬುದು ಅದರಲ್ಲಿ ಬರೆದಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ನಾನೇ ನೋಡಬೇಕಿತ್ತು.

ಬಾಡಿಗೆ ಅಧಿಕಾರಿಯ ಮುಂದೆ ಮೊದಲ ವಿಚಾರಣೆ ಆಯಿತು. ಕಂಪನಿಯ ವಕೀಲ ನನ್ನ ಕರಪತ್ರವನ್ನು ಎತ್ತಿ ಹಿಡಿದು ಓದಿದ. "ಸ್ವಂತ ಮನಸ್ಸಿನಿಂದ" ಎಂಬಲ್ಲಿ ನಿಲ್ಲಿಸಿ, ಇನ್ನೊಂದು ಸಲ ಓದಿದ. ಚೆನ್ನಾಗಿಯೇ ಓದಿದ. ನಾನು ಬರೆದದ್ದನ್ನು ಯಾರಾದರೂ ಹಾಗೆ ಗಟ್ಟಿಯಾಗಿ, ತುಂಬಿದ ಕೊಠಡಿಯಲ್ಲಿ ಓದಬೇಕೆಂದು ಎಷ್ಟು ದಿನ ಆಸೆಪಟ್ಟಿದ್ದೆನೋ.

ಅಮ್ಮ ಈಗ ಮನೆಯಲ್ಲಿ ಊಟದ ಮೇಜಿನ ಮೇಲೆ ಟೈಪು ಮಾಡುತ್ತಾಳೆ. ಆದರೆ ಟೈಪು ಮಾಡಿಸಲು ವಕೀಲರ ಗುಮಾಸ್ತರು ಇಷ್ಟು ದೂರ ಬಸ್ಸು ಹಿಡಿದು ಏಕೆ ಬರುತ್ತಾರೆ? ಬರುವುದಿಲ್ಲ. ಅಮ್ಮ ಬೆಳಗ್ಗೆ ಸ್ನಾನ ಮಾಡಿ, ಎಂದಿನಂತೆ ಸಿದ್ಧಳಾಗಿ, ಯಂತ್ರದ ಮುಸುಕು ತೆಗೆದು ಕೂರುತ್ತಾಳೆ. ಮಧ್ಯಾಹ್ನ ಮುಸುಕು ಹಾಕುತ್ತಾಳೆ. ಅದನ್ನು ನೋಡಲಾರದೆ ನಾನು ಹೊರಗೆ ಸುತ್ತುತ್ತೇನೆ. ಹೊಸ ಪುಸ್ತಿಕೆ ಕೊಂಡಿಲ್ಲ.

ಒಂದು ದಾರಿ ಇದೆ. "ಅದು ಬರೀ ಪ್ರತಿಭಟನೆ ಅಂದುಕೊಂಡೆ, ಕೊಠಡಿ ಹೋಗುತ್ತೆ ಅಂತ ಗೊತ್ತಿರಲಿಲ್ಲ" ಎಂದು ಅಮ್ಮ ಹೇಳಿದರೆ ಕೊಠಡಿ ವಾಪಸು ಕೊಡಿಸಬಹುದು ಎಂದು ಅಧಿಕಾರಿಯೇ ಸೂಚಿಸಿದರು, ಒಳ್ಳೆಯ ಮನುಷ್ಯ. ಅಮ್ಮ ಒಪ್ಪುತ್ತಿಲ್ಲ. "ಗೊತ್ತಿದ್ದೇ ಇಟ್ಟೆ" ಎನ್ನುತ್ತಾಳೆ. ತತ್ವಕ್ಕೆ ಅಂಟಿಕೊಂಡಿದ್ದಾಳೆ. ನಾನೇ ಅವಳಿಗೆ ಆ ಹಟ ಕಲಿಸಿದೆ, ಈಗ ನಾನೇ ಬಿಡಿಸಲಾರದೆ ಒದ್ದಾಡುತ್ತಿದ್ದೇನೆ. ನೀನಾದರೂ ಬರೆದು ಹೇಳು. ನಿನ್ನ ಮಾತು ಕೇಳುತ್ತಾಳೆ.

ಅಕ್ಟೋಬರ್ ಮೂರಕ್ಕೆ ಕೊನೆಯ ವಿಚಾರಣೆ.

ತಂಗಿ


ಸೆಪ್ಟೆಂಬರ್ 14

ಪುಟ್ಟಿ,

ಅಮ್ಮನಿಗೆ ಮಾತು ಕೊಟ್ಟಿದ್ದೆ, ಮುರಿಯುತ್ತಿದ್ದೇನೆ. ನೀನು ಇದನ್ನು ತತ್ವ ಎಂದುಕೊಂಡೇ ಇದ್ದರೆ ಮೂರನೇ ತಾರೀಖಿಗೆ ಇನ್ನೂ ಏನಾದರೂ ಮಾಡಿಬಿಡುತ್ತೀಯ ಎಂಬ ಹೆದರಿಕೆ.

ಆ ಸೋಮವಾರ ಬೆಳಗ್ಗೆ ನೋಟರಿ ಮಾಮ ಮೊದಲೇ ಅಮ್ಮನ ಕೊಠಡಿಗೆ ಬಂದಿದ್ದರಂತೆ. ನಿಜವಾದದ್ದು ಕೊಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಿ, ತಮ್ಮ ಬೀರುವಿನ ಒಂದು ಬೀಗದ ಕೈ ಅವಳ ಕೈಗಿಟ್ಟು, "ಅಕ್ಕಾ, ಇದನ್ನ ಇಡಿ, ನಾವೆಲ್ಲ ಹಾಗೇ ಮಾಡ್ತಿದೀವಿ. ಹುಡುಗಿಗೆ ಹೇಳೋ ಧೈರ್ಯ ಯಾರಿಗೂ ಇಲ್ಲ, ಅವಳ ಉತ್ಸಾಹ ನೋಡಿದರೆ ಪಾಪ ಅನ್ನಿಸುತ್ತೆ" ಎಂದರಂತೆ. ಅಮ್ಮ ಅದನ್ನು ತೆಗೆದುಕೊಂಡಳು. ಇಳಿದು ಬಂದಾಗ ಅವಳ ಮುಷ್ಟಿಯಲ್ಲಿ ಅದೇ ಇತ್ತು.

ಇನ್ನು ಮುಂದಿನದು ಅಮ್ಮ ಬರೆದ ಹಾಗೇ ನಕಲು ಮಾಡುತ್ತೇನೆ:

"ಅವಳು ಸ್ಟೂಲಿನ ಮೇಲೆ ನಿಂತು ನಿಜವಾದ ಕೀ ಇಡಿ ಅಂದಳು. ಕೆಳಗೆ ಎಲ್ಲರ ಕೈಯಲ್ಲೂ ಸುಳ್ಳು ಕೀ, ನನ್ನ ಕೈಯಲ್ಲೂ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳೊಬ್ಬಳಿಗೆ ಗೊತ್ತಿಲ್ಲ. ಅಷ್ಟು ಜನರ ನಡುವೆ ಒಬ್ಬರಾದರೂ ಅವಳ ಮಾತು ನಂಬಬೇಡವಾ? ಒಬ್ಬರೂ ನಂಬದಿದ್ದರೆ ಅವಳು ಗೋಡೆಗೆ ಭಾಷಣ ಮಾಡಿದ ಹಾಗಾಯಿತು. ಹೆತ್ತವಳು ಅದನ್ನ ನಿಂತು ನೋಡೋದು ಹೇಗೆ? ಕೈ ಸೆರಗಿನ ಗಂಟಿಗೆ ತಾನಾಗೇ ಹೋಯಿತು. ಅವಳಿಗೆ ಹೇಳಬೇಡ."

ಇಷ್ಟೇ. ತತ್ವವಲ್ಲ.

ನಾನು ಇದನ್ನು ಮೊದಲೇ ಹೇಳಬೇಕಿತ್ತೋ, ಹೇಳಲೇಬಾರದಿತ್ತೋ, ನನಗೆ ತಿಳಿಯುವುದಿಲ್ಲ. ಮೂರಕ್ಕೆ ಬರಲು ರಜೆ ಕೇಳಿದೆ, ಕೊಡಲಿಲ್ಲ.

ಅಣ್ಣ


ಅಕ್ಟೋಬರ್ 9

ಅಣ್ಣ,

ಕೊಠಡಿ ಹೋಯಿತು. ಮೊದಲು ಅದನ್ನೇ ಬರೆದುಬಿಡುತ್ತೇನೆ.

ನಿನ್ನ ಕಾಗದ ಬಂದ ದಿನ ಅಮ್ಮನಿಗೆ ಏನೂ ಹೇಳಲಿಲ್ಲ. ಅವಳು ಸುಳ್ಳು ಹೇಳದಿದ್ದರೆ ನಾನು ಹೇಳುತ್ತೇನೆ ಎಂದು ತೀರ್ಮಾನಿಸಿದೆ. ಮೂರನೇ ತಾರೀಖು ಅಧಿಕಾರಿಯ ಮುಂದೆ ಎದ್ದು ನಿಂತು, "ಸರ್, ತಪ್ಪು ನನ್ನದು. ಕೀ ಇಟ್ಟರೆ ಏನೂ ಆಗಲ್ಲ, ಸಂಜೆ ವಾಪಸ್ ಕೊಡ್ತಾರೆ ಅಂತ ನಾನೇ ಅಮ್ಮನಿಗೆ ಹೇಳಿದ್ದೆ. ಅವಳಿಗೆ ಏನೂ ಗೊತ್ತಿರಲಿಲ್ಲ" ಎಂದೆ. ಅಧಿಕಾರಿಯ ಮುಖ ಅರಳಿತು. ಬರೆದುಕೊಳ್ಳಲು ಪೆನ್ನು ತೆಗೆದರು.

ಅಮ್ಮ ಕುರ್ಚಿಯಿಂದ ಎದ್ದಳು.

"ಇಲ್ಲ ಸರ್. ಅವಳು ಹಾಗೆ ಹೇಳಲೇ ಇಲ್ಲ. ನಿಜವಾದದ್ದು ಇಡಿ ಅಂದಳು, ನಿಜವಾದದ್ದೇ ಇಟ್ಟೆ. ಇವಳಿಗೆ ಸುಳ್ಳು ಹೇಳೋಕೆ ಬರಲ್ಲ, ನೋಡಿ, ಕಿವಿ ಕೆಂಪಗಾಗಿದೆ."

ಕಂಪನಿಯ ವಕೀಲನೂ ನಕ್ಕ. ಅಧಿಕಾರಿ ಪೆನ್ನು ಕೆಳಗಿಟ್ಟು, "ತಾಯಿ ಮಗಳು ಸ್ವಲ್ಪ ಹೊರಗೆ ಹೋಗಿ ಒಂದು ಮಾತಿಗೆ ಬನ್ನಿ" ಎಂದರು.

ಪಡಸಾಲೆಯ ಬೆಂಚಿನ ಮೇಲೆ ಕೂತೆವು. "ಅಣ್ಣ ಎಲ್ಲ ಬರೆದಿದ್ದಾನೆ" ಎಂದೆ. ಅಮ್ಮ, "ಅವನ ಬಾಯಿಗೆ ಯಾವತ್ತೂ ಬೀಗ ಇರಲಿಲ್ಲ" ಎಂದಳು. ನಾನು ಬೇಡಿಕೊಂಡೆ. ಕೈ ಹಿಡಿದುಕೊಂಡೆ. ಒಂದು ಸಾಲು ಹೇಳಮ್ಮ, ಒಂದೇ ಸಾಲು, ನಿನ್ನ ಕೊಠಡಿ ನಿನಗೆ ಬರುತ್ತೆ ಎಂದೆ. ಅವಳು ನನ್ನ ಕೈ ಬಿಡಿಸಿಕೊಳ್ಳಲಿಲ್ಲ.

"ನನ್ನ ಮಗಳು ದಡ್ಡಿ ಅಂತ ಸರ್ಕಾರಿ ಕಾಗದದಲ್ಲಿ ಬರೆಸಿ, ಆ ಕೊಠಡಿಯಲ್ಲಿ ಕೂತು ನಾನು ಏನನ್ನ ಟೈಪು ಮಾಡಲಿ?"

"ನಾನು ದಡ್ಡಿಯೇ ಅಲ್ಲವಾ?"

"ಹೌದು. ಅದು ನನಗೆ ಗೊತ್ತಿದ್ದರೆ ಸಾಕು, ಅವರಿಗೆ ಯಾಕೆ?"

ಒಳಗೆ ಹೋಗಿ "ಗೊತ್ತಿದ್ದೇ ಇಟ್ಟೆ" ಎಂದು ಸಹಿ ಮಾಡಿದಳು.

ಹೊರಗೆ ನೋಟರಿ ಮಾಮ ನಿಂತಿದ್ದರು. ನಾನು ಅವರನ್ನು ಸುಳ್ಳುಗಾರ ಎಂದು ಅಚ್ಚು ಹಾಕಿಸಿ ಹಂಚಿದ್ದೆ. ಅವರು ನನ್ನತ್ತ ನೋಡದೆ ಅಮ್ಮನಿಗೆ, "ಅಕ್ಕಾ, ನನ್ನ ಕೊಠಡಿಯಲ್ಲಿ ಕಿಟಕಿ ಪಕ್ಕ ಜಾಗ ಇದೆ. ಬಂದು ಕೂತ್ಕೊಳ್ಳಿ. ಶೆಡ್ಡಿಗೆ ಹೋದರೂ, ಆಮೇಲೆ ಆ ಟವರಿಗೆ ಹೋದರೂ ಅರ್ಧ ನಿಮ್ಮದು" ಎಂದರು. ಅಮ್ಮ ಕೂಡಲೇ ಒಪ್ಪಲಿಲ್ಲ. ಬಿಸಿಲು ಬರುತ್ತದಾ, ಪ್ಲಗ್ ಇದೆಯಾ, ನಿಮ್ಮ ಕಕ್ಷಿದಾರರು ಸಿಗರೇಟು ಸೇದುತ್ತಾರಾ ಎಂದು ಎಲ್ಲ ಕೇಳಿಕೊಂಡಳು.

ಇಷ್ಟು ದಿನ ನಾನು ಯಾವುದನ್ನು ದ್ರೋಹ ಎಂದು ಕೂಗಿದೆನೋ, ಅಮ್ಮ ಕೂರಲು ಜಾಗ ಉಳಿದಿರುವುದು ಅದರಿಂದಲೇ. ಅವರೆಲ್ಲ ನನ್ನ ಮಾತು ಕೇಳಿದ್ದರೆ ಇವತ್ತು ಇಡೀ ಕಟ್ಟಡ ಊಟದ ಮೇಜುಗಳ ಮುಂದೆ ಕೂತಿರುತ್ತಿತ್ತು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ. ಟವರು ತಪ್ಪು ಎಂಬ ಮಾತನ್ನು ಮಾತ್ರ ನಾನು ವಾಪಸು ತೆಗೆದುಕೊಳ್ಳುವುದಿಲ್ಲ. ಮಿಕ್ಕದ್ದು ತಿಳಿಯುತ್ತಿಲ್ಲ. ತುಂಬಾ ದಣಿವಾಗಿದೆ ಅಣ್ಣ. ನೀನು ಆ ಗೂಡಿನಿಂದ ಇಳಿದಾಗ ಹೇಗಿರುತ್ತೀಯ ಎಂದು ಈಗ ಸ್ವಲ್ಪ ಗೊತ್ತಾಗುತ್ತದೆ. ಜುಲೈನಲ್ಲಿ ಬರೆದದ್ದಕ್ಕೆ ಕ್ಷಮಿಸು.

ನಿನ್ನೆ ಸಾಮಾನು ಸಾಗಿಸಿದೆವು. ಲಿಫ್ಟು ಕೆಟ್ಟಿತ್ತು, ಟೈಲರೂ ಡಾಕ್ಟರೂ ಬಂದು ಯಂತ್ರಗಳನ್ನು ಎತ್ತಿಕೊಂಡು ಹತ್ತಿದರು. ನನ್ನೊಡನೆ ಯಾರೂ ಕರಪತ್ರದ ಮಾತೆತ್ತಲಿಲ್ಲ. ಡಾಕ್ಟರು ಮಾತ್ರ ಎರಡನೇ ಮಹಡಿಯಲ್ಲಿ ಏದುಸಿರು ಬಿಡುತ್ತಾ, "ಸುಳ್ಳುಗಾರರಿಗೆ ಸ್ವಲ್ಪ ನೀರು ಸಿಗುತ್ತಾ ಕಾರ್ಯದರ್ಶಿಗಳೇ?" ಎಂದರು. ಕೆಳಗಿಳಿದು ತಂದುಕೊಟ್ಟೆ.

ಮೇಲೆ ಹೋದಾಗ ಮಾಮನ ಕೊಠಡಿಗೆ ಬೀಗ ಹಾಕಿತ್ತು. ನೋಟರಿ ಮಾಮ ಅಮ್ಮನಿಗೆಂದು ಹೊಸದಾಗಿ ಮಾಡಿಸಿದ್ದ ಬೀಗದ ಕೈಯನ್ನು ಕೊಟ್ಟರು. ಅಮ್ಮ ಅದನ್ನು ತಿರುಗಿಸಿ ನೋಡಿ, ಸೆರಗಿಗೆ ಕಟ್ಟಿಕೊಳ್ಳುವ ಮೊದಲು ಬಾಗಿಲಿಗೆ ಹಾಕಿದಳು.

"ಏನಕ್ಕಾ, ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ" ಎಂದಳು ಅಮ್ಮ. "ನಿಮ್ಮ ಕೀ ಮೇಲಿಲ್ಲ."

ಬಾಗಿಲು ತೆರೆಯಿತು. ಮಾಮ ಮೇಜಿನ ಒಂದು ತುದಿ ಹಿಡಿದು ನನ್ನತ್ತ ನೋಡಿದರು. ನಾನು ಇನ್ನೊಂದು ತುದಿ ಹಿಡಿದೆ.

ತಂಗಿ